ಔಡಲೆಣ್ಣೆ ಕುಡಿದ ವಿಮಾನ

ನಮ್ಮ ಇಂಡಿ ಊರಿನ ಕಾಕಾ ತಮ್ಮ ವಿಮಾನಕ್ಕೆ ಔಡಲೆಣ್ಣೆ ಕುಡಿಸುತ್ತಾರೆ. ನಗಬೇಡಿ! ಔಡಲೆಣ್ಣೆ ಎಂದರೆ ಅದೇ ಹರಳೆಣ್ಣೆ. ಚಿಕ್ಕಂದಿನಲ್ಲಿ ಹೊಟ್ಟೆ ಕಟ್ಟಿದಾಗ ಮೂಗು ಹಿಡಿದು ನಮ್ಮ ಬಾಯಿಗೆ ಸುರಿಯುತ್ತಿದ್ದರಲ್ಲ, ಅದೇ. ವಿಮಾನ ಇರುವುದೂ ನಿಜ, ಕಾಕಾ ಇರುವುದೂ ನಿಜ. ತಲೆ ಯಾರದು ಸರಿಯಿದೆ, ಯಾರದು ಇಲ್ಲ ಎಂಬ ಬಗ್ಗೆ ಮಾತ್ರ ನಮ್ಮ ಮನೆತನದಲ್ಲಿ ಇನ್ನೂ ಒಮ್ಮತ ಮೂಡಿಲ್ಲ.

ವಿಮಾನವೆಂದರೆ ಹತ್ತಿ ಕೂರುವಂಥದ್ದಲ್ಲ. ಎರಡೂ ತೋಳು ಚಾಚಿದಷ್ಟು ಅಗಲ, ಎತ್ತಿದರೆ ಹಸುಗೂಸಿನಷ್ಟು ಭಾರ. ಕೆಳಗೆ ನಿಂತು ಕೈಯಲ್ಲಿ ರಿಮೋಟ್ ಹಿಡಿದು ಹಾರಿಸುವುದು. ಕಾಕಾ ತಮ್ಮ ಆಯುಷ್ಯವನ್ನೆಲ್ಲ ಇಂಡಿಯಲ್ಲಿ ಮೋಟಾರು ವೈಂಡಿಂಗ್ ಮಾಡಿ ಕಳೆದವರು. ಸುಟ್ಟ ಮೋಟಾರು ಅಂಗಡಿ ಮುಂದೆ ಇಳಿದರೆ ಸಾಕು, ಮೂಸಿ ನೋಡಿ ಅದು ಯಾರ ಬಾವಿಯದು ಎಂದು ಹೇಳುತ್ತಿದ್ದರು. ಅಂಗಡಿ ಬಿಟ್ಟ ಮೇಲೆ ಥರ್ಮಾಕೋಲು ಕೊರೆದು, ಪುಟ್ಟ ಮೋಟಾರು ಕೂರಿಸಿ, ಬ್ಯಾಟರಿಯ ವಿಮಾನ ಕಟ್ಟಿದರು. ಅದಕ್ಕೆ ಸದ್ದಿಲ್ಲ, ಹೊಗೆಯಿಲ್ಲ, ಕಲೆಯಿಲ್ಲ. ಅಂಥ ಮರ್ಯಾದಸ್ಥ ವಿಮಾನವನ್ನು ನಾನು ಇನ್ನೊಂದು ನೋಡಿಲ್ಲ.

ಭಾನುವಾರ ಬೆಳಗಾದರೆ ಗಂಡ ಹೆಂಡತಿ ಸಾಲೋಟಗಿ ರಸ್ತೆಯ ಬಯಲಿಗೆ ಹೊರಡುತ್ತಿದ್ದರು. ಕಾಕುವಿಗೊಂದು ಪ್ಲಾಸ್ಟಿಕ್ ಕುರ್ಚಿ, ಒಂದು ಥರ್ಮಾಸ್ ಚಹಾ. “ಭಾಳ ಮ್ಯಾಲ ಹೋತು, ಇಳಸ್ರಿ. ಬೇವಿನ ಗಿಡಾ ನೋಡ್ರಿ. ಅಯ್ಯ, ಹೊಳ್ಳಸ್ರಿ ಹೊಳ್ಳಸ್ರಿ!” ಇಳಿಸಿ, ತಿರುಗಿಸಿ ಎಂದು ಕುಳಿತಲ್ಲಿಂದಲೇ ಅಪ್ಪಣೆ. ನಿಜ ಹೇಳಬೇಕೆಂದರೆ ವಿಮಾನ ಹಾರಿಸುತ್ತಿದ್ದವರು ಕಾಕು. ಕಾಕಾನದು ಬರೀ ಬೆರಳು.

ಆಮೇಲೆ ಕಾಕುವಿನ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಹತ್ತಿರದ್ದು ನೆರಳಿನ ಹಾಗೆ, ದೂರದ್ದು ಏನೂ ಇಲ್ಲ. ಡಾಕ್ಟರು ಇದ್ದಷ್ಟನ್ನು ಕಾಪಾಡಿಕೊಳ್ಳಿ ಎಂದರು. ಕಾಕು ಬಯಲಿಗೆ ಹೋಗುವುದನ್ನು ನಿಲ್ಲಿಸಿಬಿಟ್ಟರು. ಕಾಕಾ ಪ್ರತಿ ಭಾನುವಾರ ಕರೆಯುವುದು, ಅವರು ಒಲ್ಲೆ ಎನ್ನುವುದು. “ಮುಗಲ ನೋಡಾಕ ಕಣ್ಣಿಲ್ಲ. ಬರೇ ಬಿಸಲು ಕಾಯಾಕ ಬರ್ಲ್ಯಾ? ನೀವ ಹೋಗಿ ಬರ್ರಿ.” ಕಾಕಾ ಒಬ್ಬರೇ ಹೋಗುತ್ತಿದ್ದರು. ತುಂಬಿದ ಬ್ಯಾಟರಿ ತುಂಬಿದ ಹಾಗೆಯೇ ಮನೆಗೆ ವಾಪಸ್ಸಾಗುತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಒಂದೇ, ಆ ಕುರ್ಚಿಯಲ್ಲಿ ಕಾಕು ಮತ್ತೆ ಬಂದು ಕೂರಬೇಕು.

ಇಷ್ಟು ನನಗೂ ತಿಳಿಯುತ್ತಿತ್ತು. ತಿಳಿಯದೆ ಹೋದದ್ದು ಅದರ ಮುಂದಿನದು. ಒಂದು ದಿನ ಫೋನು ಬಂತು. “ತಂಗಿ, ಕರೆಂಟ್ ಸಾಕಾತು. ಇನ್ನ ಮ್ಯಾಲ ಗ್ಲೋ.”

“ಏನ್ರಿ ಕಾಕಾ, ಗ್ಲೂಕೋಸಾ?” ಎಂದೆ ಗಾಬರಿಯಿಂದ.

“ಗ್ಲೋ ಇಂಜಿನ್ ಅವ್ವಾ! ನೀ ಸೈನ್ಸ್ ಅಕ್ಕೋರ ಇದ್ದೀಯೋ, ಇಲ್ಲಾ ಹಾಡಿನ ಅಕ್ಕೋರೋ?”

ಹೌದು, ನಾನು ಸಿಂದಗಿಯಲ್ಲಿ ವಿಜ್ಞಾನ ಕಲಿಸುವ ಶಿಕ್ಷಕಿ. ಈ ಗ್ಲೋ ಇಂಜಿನ್ನು ನನ್ನ ಪದವಿಯ ಮಾನವನ್ನೇ ಕಳೆಯಿತು. ಅದಕ್ಕೆ ಪೆಟ್ರೋಲು ಬೇಡ, ಕಿಡಿ ಬೇಡ. ಸ್ಪಿರಿಟ್ಟು ಮತ್ತು ಔಡಲೆಣ್ಣೆ ಬೆರೆಸಿ ಕುಡಿಸಬೇಕು. ತಲೆಯ ಮೇಲಿನ ಪ್ಲಗ್ಗಿಗೆ ಬ್ಯಾಟರಿ ಹಚ್ಚಿ, ಮುಂದಿನ ಫ್ಯಾನಿಗೆ ಕೋಲಿನಿಂದ ಒಂದು ಏಟು ಕೊಡಬೇಕು. ಹೊತ್ತಿಕೊಂಡ ಮೇಲೆ ಬ್ಯಾಟರಿಯನ್ನು ಕಿತ್ತುಬಿಡಬೇಕು!

“ಕಿತ್ತರ ನಿಲ್ಲೂದಿಲ್ಲೇನ್ರಿ?”

“ನಿಲ್ಲೂದಿಲ್ಲ. ಒಮ್ಮಿ ಕಾದ್ರ ಮುಗೀತು, ತನ್ನ ಬೆಂಕೀಲೆ ತಾನ ಕಾಯ್ಕೋಂತ ಇರ್ತೈತಿ.”

ನಾನು ಹೂಂ ಎಂದೆ. ಅರ್ಥವಾಯಿತೆಂದುಕೊಂಡಿರಾ? ಇಲ್ಲ. ಕರೆಂಟನ್ನೇ ನಂಬಿ ಬದುಕಿದ ಮನುಷ್ಯ, ಸ್ವಚ್ಛವಾಗಿ ಹಾರುವುದನ್ನು ಬಿಟ್ಟು ಈ ಎಣ್ಣೆ, ಹೊಗೆ, ಗದ್ದಲವನ್ನು ಯಾಕೆ ತಲೆಗೆ ಕಟ್ಟಿಕೊಳ್ಳುತ್ತಾರೆ? ಕೇಳಿದರೆ, “ಸಪ್ಪಳ ಛಲೋ ಬರ್ತೈತಿ” ಎನ್ನುವುದು. ಸದ್ದು ಚೆನ್ನಾಗಿ ಬರುತ್ತದೆ ಎಂದು ಯಾರಾದರೂ ಮಿಕ್ಸರ್ ಕೊಳ್ಳುತ್ತಾರೆಯೇ?

ಇಂಜಿನ್ನು ಸಿಕ್ಕಿದ್ದು ಬಸವನ ಬಾಗೇವಾಡಿಯಲ್ಲಿ. ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದ ಹಿರಿಯರೊಬ್ಬರು ಅದನ್ನು ಸ್ಟೀಲ್ ಡಬ್ಬಿಯಲ್ಲಿ, ಬಟ್ಟೆ ಸುತ್ತಿ ಇಟ್ಟಿದ್ದರು. ಮಗಳನ್ನು ಕೊಡುವವರ ಹಾಗೆ ಕಾಕಾನನ್ನು ಎರಡು ತಾಸು ಪರೀಕ್ಷಿಸಿ, “ನೀವು ಕರೆಂಟಿನವ್ರು. ಇದರ ಸಿಟ್ಟು ತಡಕೋತೀರೇನು?” ಎಂದರಂತೆ. “ಮನ್ಯಾಗ ರೂಢಿ ಐತ್ರಿ,” ಎಂದರಂತೆ ಕಾಕಾ. ಆಗ ಕೊಟ್ಟರು.

ಆದರೆ ಪ್ಲಗ್ಗು ಸುಟ್ಟಿತ್ತು. ಸಿಂದಗಿಯಲ್ಲಿ ಹುಡುಕು ಎಂದು ನನಗೆ ಆಜ್ಞೆಯಾಯಿತು. ಗಾಡಿಯ ಬಿಡಿಭಾಗದ ಅಂಗಡಿಗೆ ಹೋದೆ.

“ಗ್ಲೋ ಪ್ಲಗ್ ಐತೇನ್ರಿ?”

“ಯಾವ ಗಾಡೀಗ್ರಿ ಅಕ್ಕೋರ?”

“ವಿಮಾನಕ್ರಿ.”

ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಅಕ್ಕೋರ, ಸಿಂದಗೀಗೆ ಬಸ್ಸ ಹೊತ್ತಿಗೆ ಸರಿಯಾಗಿ ಬರವಲ್ವು. ವಿಮಾನ ಯಾವಾಗ ಬಂತ್ರಿ?” ಕೊನೆಗೆ ಡೀಸೆಲ್ ಜೀಪಿನ ಪ್ಲಗ್ಗೊಂದನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಅದರ ಉದ್ದ ನನ್ನ ಗೇಣಿನ ಅರ್ಧ! ಕಾಕಾ ನೋಡಿ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. “ಇದನ್ನ ಹಾಕಿದ್ರ ಪ್ಲಗ್ ಹಾರತೈತಿ, ವಿಮಾನ ಇಲ್ಲೇ ಕುಂಡ್ರತೈತಿ.” ಸರಿಯಾದ ಪ್ಲಗ್ಗು ಕೊರಿಯರಿನಲ್ಲಿ ಬಂತು. ಕಡಲೆಕಾಳಿಗಿಂತ ತುಸು ದೊಡ್ಡದು.

ಈ ನಡುವೆ ಮುದ್ದೇಬಿಹಾಳಕ್ಕೆ ಸುದ್ದಿ ಮುಟ್ಟಿತು. ಅಲ್ಲಿ ಕಾಕುವಿನ ತಮ್ಮ ಇದ್ದಾರೆ, ನಮ್ಮೆಲ್ಲರ ಮಾಮಾ. ಅಕ್ಕನ ಮನೆಯಲ್ಲಿ ಸ್ಪಿರಿಟ್ಟಿನ ಬಾಟಲಿಗಳಿವೆ ಎಂದು ಕೇಳಿದ್ದೇ ಬಸ್ಸು ಹತ್ತಿ ಬಂದರು. ಬಾಟಲಿ ಮೂಸಿದರು. ಪಕ್ಕದಲ್ಲಿ ತಾಳಿಕೋಟೆಯ ಗಾಣದಿಂದ ತರಿಸಿದ ಔಡಲೆಣ್ಣೆಯ ಡಬ್ಬಿ. ಮಾಮಾನ ಲೆಕ್ಕ ಹೊಂದಿಕೆಯಾಯಿತು. ಸ್ಪಿರಿಟ್ಟು ಕುಡಿಯಲು, ಔಡಲೆಣ್ಣೆ ಮರುದಿನಕ್ಕೆ.

“ಭಾವಾರ, ಈ ವಯಸ್ಸಿನ್ಯಾಗ ಇದೇನ್ರಿ?”

“ನಾ ಕುಡಿಯೂದಿಲ್ಲೋ ಮಾರಾಯಾ. ವಿಮಾನ ಕುಡೀತೈತಿ.”

“ಎಲ್ಲಾರೂ ಹಿಂಗ ಏನರೆ ಒಂದು ಹೇಳ್ತಾರ್ರಿ,” ಎಂದರು ಮಾಮಾ ಬಹಳ ದುಃಖದಿಂದ.

ಅವರ ಸಂಶಯ ನಿವಾರಿಸಲು ಕಾಕಾ ಅಂಗಳದಲ್ಲೇ, ವಿಮಾನದ ಮೂತಿಗೆ ಕೂರಿಸಿದ್ದ ಇಂಜಿನ್ನು ಹಚ್ಚಿದರು. ಮೊದಲ ಏಟಿಗೆ ಸುಮ್ಮನಿತ್ತು, ಎರಡನೆಯದಕ್ಕೆ ಕೆಮ್ಮಿತು, ಮೂರನೆಯದಕ್ಕೆ ಒಂದು ಚೀರು ಚೀರಿತು ನೋಡಿ, ಮಾಮಾ ಹಾರಿ ಕಟ್ಟೆಯ ಮೇಲೆ ನಿಂತರು! ಸುಟ್ಟ ಔಡಲೆಣ್ಣೆಯ ವಾಸನೆ ಓಣಿಗೆಲ್ಲ ಹಬ್ಬಿತು. ಒಳಗಿದ್ದ ಕಾಕು ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತರು. “ಅಯ್ಯ, ಹಳೇ ಬಾವೀ ಮೇಲಿನ ಮಿಷನ್ ಹಚ್ಚಿದಂಗ ಆತಲ್ರಿ!” ಎಂದು ನಕ್ಕರು. ಎಲ್ಲರೂ ಇಂಜಿನ್ನು ನೋಡುತ್ತಿದ್ದರೆ ಕಾಕಾ ಮಾತ್ರ ಕಾಕುವನ್ನು ನೋಡುತ್ತಿದ್ದರು. ನನಗೆ ಆಗಲೂ ತಲೆಗೆ ಹೋಗಲಿಲ್ಲ.

ಇಂಜಿನ್ನು ಉಗುಳಿದ ಎಣ್ಣೆ ಅಂಗಳದಲ್ಲಿ ಒಣಗಲು ಹಾಕಿದ್ದ ಸಂಡಿಗೆಯ ಮೇಲೆ ಬಿದ್ದಿತ್ತು. ಕಾಕುವಿಗೆ ಅದು ಕಾಣಲಿಲ್ಲ. ನಾವು ಯಾರೂ ನೋಡಲಿಲ್ಲ. ತಮ್ಮನೆಂಬ ಪ್ರೀತಿಯಿಂದ ಅಷ್ಟನ್ನೂ ಚೀಲಕ್ಕೆ ತುಂಬಿ ಮುದ್ದೇಬಿಹಾಳಕ್ಕೆ ಕಳಿಸಿದರು. ಮುಂದಿನ ಎರಡು ದಿನ ಮಾಮಾ ಫೋನು ಎತ್ತಲಿಲ್ಲ. ಮೂರನೆಯ ದಿನ ಎತ್ತಿ, ಕ್ಷೀಣ ದನಿಯಲ್ಲಿ, “ಅಕ್ಕಾ, ಭಾವಾರು ಖರೇನ ಹೇಳಿದ್ರು” ಎಂದರು.

ಅದರ ಮುಂದಿನ ಭಾನುವಾರ ನಾನು ಮತ್ತೆ ಇಂಡಿಯಲ್ಲಿದ್ದೆ. ಕಾಕಾ ಎಂದಿನಂತೆ ಕರೆದರು. “ಒಂದ ಸಲ ಬಾ. ಒಲ್ಲೆ ಅನಿಸಿದ್ರ ಮತ್ತ ಎಂದೂ ಕರಿಯೂದಿಲ್ಲ.” ಕಾಕು, “ಥರ್ಮಾಸ್ ಎಲ್ಲೈತಿ?” ಎಂದರು.

ಜೋಳ ಕೊಯ್ದ ಬಯಲು. ಕುರ್ಚಿಯಲ್ಲಿ ಕಾಕು. ಇಂಜಿನ್ನು ಚೀರಿತು, ಕಾಕಾ ಪ್ಲಗ್ಗಿನ ಬ್ಯಾಟರಿ ಕಿತ್ತರು. ಅದು ನಿಲ್ಲಲಿಲ್ಲ! “ಸೀದಾ ಒಗಿ!” ಎಂದರು. ನಾನು ವಿಮಾನ ಎತ್ತಿಕೊಂಡು ಓಡಿ ಮೇಲಕ್ಕೆ ಎಸೆದೆ. ಹೊಸ ಸೀರೆ ತುಂಬ ಔಡಲೆಣ್ಣೆ, ವಿಮಾನ ಮಾತ್ರ ಆಕಾಶದಲ್ಲಿ. ಬೈಯಬೇಕೆಂದು ತಿರುಗಿದರೆ ಕಾಕು ತೋರುಬೆರಳು ಮೇಲೆತ್ತಿದ್ದರು.

“ಬೇವಿನ ಗಿಡದ ಕಡೆ ಹೊಂಟೈತಿ. ಹಾಂ, ಹೊಳ್ಳಿಸಿದ್ರು. ಏನ್ರಿ, ಭಾಳ ಮ್ಯಾಲ ಹೋತು, ಇಳಸ್ರಿ!”

ಬೆರಳು ತೋರಿದ ಕಡೆ ನೋಡಿದೆ. ವಿಮಾನ ಸರಿಯಾಗಿ ಅಲ್ಲೇ ಇತ್ತು.

“ಕಾಕು, ನಿಮಗ ಕಾಣಾಕತ್ತೈತೇನ್ರಿ?”

“ಇಲ್ಲವ್ವಾ. ಕೇಳಾಕತ್ತೈತಿ.”

ಇಷ್ಟು ದಿನ ಕಾಕಾನಿಗೆ ತಲೆ ಕೆಟ್ಟಿದೆ ಎಂದು ಊರೂರಿಗೆ ಹೇಳಿಕೊಂಡು ತಿರುಗಿದ ನನಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಎಣ್ಣೆ ತೀರಿ ಇಂಜಿನ್ನು ನಿಂತಿತು. ಬಯಲಿಗೆ ಬಯಲೇ ಸುಮ್ಮನಾಯಿತು. ವಿಮಾನ ಸದ್ದಿಲ್ಲದೆ ತೇಲುತ್ತ ಇಳಿಯತೊಡಗಿತು. ಕಾಕುವಿನ ಬೆರಳು ಆಕಾಶದಲ್ಲಿ ನಿಂತಲ್ಲೇ ನಿಂತಿತು. “ಎಲ್ಲಿ ಹೋತ್ರಿ?” ಎಂದರು. ಆ ದನಿಯಲ್ಲಿ ಹೆದರಿಕೆಯಿತ್ತು.

ಆಗ ಕಾಕಾ ರಿಮೋಟ್ ಹಿಡಿದುಕೊಂಡೇ ಬಾಯಿಂದ “ಡರ್‌ರ್‌ರ್‌ರ್” ಎನ್ನತೊಡಗಿದರು. ವಿಮಾನ ಹೋದ ಕಡೆಗೆ, ಅದರ ಕೆಳಗೆ ಕೆಳಗೆ, ಜೋಳದ ಕೂಳೆ ತುಳಿಯುತ್ತ, ಎಡವುತ್ತ, ಆ ವಯಸ್ಸಾದ ಮನುಷ್ಯ ಓಡಿದರು. “ಡರ್‌ರ್‌ರ್‌ರ್!” ಕಾಕುವಿನ ಬೆರಳು ಮೆಲ್ಲಗೆ ಮತ್ತೆ ಚಲಿಸಿತು, ಬಲಕ್ಕೆ ಬಾಗಿತು, ಕೆಳಗಿಳಿಯಿತು. ವಿಮಾನ ಕೂಳೆಯ ಮೇಲೆ ಹೊಟ್ಟೆಯೂರಿ ಕುಳಿತ ಮೇಲೂ ಕಾಕಾ ಅದರ ಪಕ್ಕ ನಿಂತು ಏದುಸಿರು ಬಿಡುತ್ತ ಇಂಜಿನ್ನು ಓಡಿಸುತ್ತಲೇ ಇದ್ದರು.

“ಸಾಕ್ರಿ, ಬಂದ್ ಮಾಡ್ರಿ,” ಎಂದರು ಕಾಕು. “ಇಳೀತಲ್ಲ.” ಅವರ ಬೆರಳು ಕಾಕಾನ ಎದೆಯ ನೇರಕ್ಕೆ ನಿಂತಿತ್ತು.