ಊಟಕ್ಕೆ ಕರೆದ ಯಂತ್ರ

ಏನೇನು ಕೆಡಬಹುದಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಆ ಸೋಮವಾರ ನಮ್ಮ ಕಾರ್ಖಾನೆಯ ಹೊಸ ಯಂತ್ರ ನನ್ನ ದನಿಯಲ್ಲಿ ಬೆಳಗಾವಿಗೆ ಮೊದಲ ಫೋನು ಮಾಡುವುದಿತ್ತು. ಅದು ಅಲ್ಲಿ ಮಾಲು ಕಳಿಸುವ ಈರಣ್ಣನವರನ್ನು ಏಕವಚನದಲ್ಲಿ ಕರೆದುಬಿಡಬಹುದಿತ್ತು. ಅವರು ಪೂಜೆಗೆ ಕುಳಿತ ಹೊತ್ತಿಗೇ ಗಂಟೆ ಬಾರಿಸಬಹುದಿತ್ತು. ಬೆಂಗಳೂರಿನ ಕನ್ನಡದಲ್ಲಿ ಶುರುಮಾಡಿ, ಈ ಗಲಗಲಿಗೆ, ಅಂದರೆ ನನಗೆ, ಇಳಿವಯಸ್ಸಿನಲ್ಲಿ ಇದೇನು ಬಂತಪ್ಪ ಎಂದು ಅವರು ಗಾಬರಿಯಾಗುವಂತೆ ಮಾಡಬಹುದಿತ್ತು. ಸಾವಿರ ಎನ್ನುವಲ್ಲಿ ಹತ್ತು ಸಾವಿರ ಎಂದುಬಿಟ್ಟು, ಕಾರ್ಖಾನೆಯಿರುವ ಭೋಸರಿಯ ಅರ್ಧ ರಸ್ತೆ ನಮ್ಮ ಮಾಲಿನಿಂದಲೇ ತುಂಬಿಹೋಗಬಹುದಿತ್ತು. ಮಾತು ಕೆಟ್ಟು, ಮಾಲು ನಿಂತು, ಲೇತುಗಳು ನಿಂತು, ಎಲ್ಲರೂ ನನ್ನ ಮುಖ ನೋಡುತ್ತ ನಿಲ್ಲಬಹುದಿತ್ತು. ಇಲ್ಲವೇ, ಇದೇ ಎಲ್ಲಕ್ಕಿಂತ ಭಯಂಕರವಾದದ್ದು, ಏನೂ ಕೆಡದೆ ಯಂತ್ರ ಸೊಗಸಾಗಿ ಮಾತಾಡಿ, ಮಾಲೀಕರಾದ ಸಾಹೇಬರು ನನ್ನನ್ನು ಒಳಗೆ ಕರೆದು ಶಾಲು ಹೊದಿಸಿ, ತೆಂಗಿನಕಾಯಿ ಕೈಗಿತ್ತು, ‘ಗಲಗಲಿ, ಇನ್ನು ವಿಶ್ರಾಂತಿ ತಗೊಳ್ಳಿ’ ಎನ್ನಬಹುದಿತ್ತು. ಆಗ ನಾನು ಹಗಲೆಲ್ಲ ಮನೆಯಲ್ಲಿರುವುದನ್ನು ನನ್ನ ಹೆಂಡತಿ ವಿಮಲಾ ಸಹಿಸಬೇಕಾಗುತ್ತಿತ್ತು. ನಮ್ಮ ದಾಂಪತ್ಯ ಇಷ್ಟು ಚೆನ್ನಾಗಿರುವುದಕ್ಕೆ ಭೋಸರಿ ಮನೆಯಿಂದ ದೂರವಿರುವುದೇ ಕಾರಣವೆಂದು ಆಕೆ ಹಲವರ ಮುಂದೆ ಹೇಳಿದ್ದಾಳೆ.

ನನ್ನ ಕೆಲಸವೇನೆಂದು ಹೇಳಲಿಲ್ಲ. ಮರಾಠಿ ನಾಡಿನ ಭೋಸರಿಯಲ್ಲಿ ಪಂಪು ತಯಾರಿಸುವ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿದ್ದೇನೆ. ಖುರ್ಚಿಯ ಮೇಲೆ ಇಂಗ್ಲಿಷಿನಲ್ಲಿ ದೊಡ್ಡ ಹೆಸರಿದೆ. ಮಾಡುವುದು ಮಾತ್ರ ತಗಾದೆ. ಪಂಪಿನ ಎರಕದ ಭಾಗಗಳು, ಅಂದರೆ ಕಾಸ್ಟಿಂಗುಗಳು, ಬೆಳಗಾವಿಯ ಒಂದು ಫೌಂಡ್ರಿಯಿಂದ ಬರುತ್ತವೆ. ಅಲ್ಲಿ ಮಾಲು ಕಳಿಸುವವರು ಈರಣ್ಣನವರು. ಸುಮಾರು ಇಪ್ಪತ್ತು ವರ್ಷದಿಂದ ನಾನು ಅವರಿಗೆ ದಿನಾ ಫೋನು ಮಾಡಿ ‘ಮಾಲು ಯಾವಾಗರಿ?’ ಎನ್ನುತ್ತೇನೆ. ಅವರು ‘ಗಾಡಿ ಬಿಟ್ಟೈತ್ರಿ, ನಿಪ್ಪಾಣಿ ದಾಟಿರಬೇಕು’ ಎನ್ನುತ್ತಾರೆ. ಗಾಡಿ ಇನ್ನೂ ಅವರ ಅಂಗಳದಲ್ಲೇ ನಿಂತಿರುತ್ತದೆ ಎಂಬುದು ನನಗೆ ಗೊತ್ತು. ನನಗೆ ಗೊತ್ತೆಂಬುದು ಅವರಿಗೂ ಗೊತ್ತು. ಆಮೇಲೆ ಅವರ ಮೊಣಕಾಲು, ನನ್ನ ಅಸಿಡಿಟಿ, ಎರಡೂ ಊರಿನ ಸೆಕೆ ಇವೆಲ್ಲ ಆಗಿ, ಕೊನೆಗೆ ನಾನು ‘ಒಮ್ಮೆ ಮನಿಗೆ ಊಟಕ್ಕ ಬರ್ರಿ’ ಎನ್ನುತ್ತೇನೆ. ಅವರು ‘ಬರೋಣ್ರಿ, ಬರೋಣ್ರಿ’ ಎನ್ನುತ್ತಾರೆ. ಫೋನು ಇಡುತ್ತೇವೆ. ನಾವಿಬ್ಬರೂ ಒಬ್ಬರನ್ನೊಬ್ಬರು ಕಣ್ಣಾರೆ ಕಂಡವರಲ್ಲ.

ಇಂಥ ನಾನು ತಂತ್ರಜ್ಞಾನದ ಸುದ್ದಿಗಳನ್ನು ಓದುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ನಮ್ಮ ಮನೆಯ ಕಡೆಯ ಶಿವಾಜಿನಗರದಲ್ಲಿ ಕಂಪನಿಯ ಬಸ್ಸು ಹತ್ತಿದ ಕೂಡಲೇ ಮೊಬೈಲು ತೆಗೆಯುತ್ತೇನೆ. ಯಾವುದೋ ದೊಡ್ಡ ಕಂಪನಿ ಬೆಳಗಿನ ಜಾವ ಒಂದು ಈಮೇಲ್ ಕಳಿಸಿ ಮಂದಿಯನ್ನು ಮನೆಗೆ ಕಳಿಸಿರುತ್ತದೆ. ಪಕ್ಕದಲ್ಲೇ, ಯಂತ್ರಗಳು ಮನುಷ್ಯನನ್ನು ದುಡಿಮೆಯಿಂದ ಬಿಡುಗಡೆ ಮಾಡಲಿವೆ ಎಂದು ಇನ್ನೊಬ್ಬ ಧಣಿ ನಗುತ್ತ ಹೇಳಿರುತ್ತಾನೆ. ಎರಡೂ ಒಂದೇ ಸುದ್ದಿಯಲ್ಲವೇ ಎಂಬುದು ನನ್ನ ವಾದ. ಕೆಲಸ ಹಗುರವಾಗುತ್ತದೆ ಎಂದು ಎಲ್ಲರೂ ಬರೆಯುತ್ತಾರೆ. ಹಗುರವಾಗಿ ತೇಲಿಹೋಗುವವನು ಯಾರೆಂದು ಮಾತ್ರ ಯಾರೂ ಬರೆಯುವುದಿಲ್ಲ. ಇದನ್ನು ನಾನು ಬಸ್ಸಿನಲ್ಲಿ ದೊಡ್ಡ ದನಿಯಲ್ಲಿ ಮರಾಠಿಯಲ್ಲಿ ವಿವರಿಸುತ್ತೇನೆ. ದಾರಿಯ ನಾಸಿಕ ಫಾಟಾ ಎಂಬ ಕೂಡುರಸ್ತೆ ಬರುವ ಹೊತ್ತಿಗೆ ಅರ್ಧ ಬಸ್ಸು ನಿದ್ದೆ ಹೋಗಿರುತ್ತದೆ. ಸಮಾಜ ಎಚ್ಚೆತ್ತುಕೊಳ್ಳುವುದು ಕಷ್ಟ.

ಆದರೆ ಯಂತ್ರ ನನ್ನ ಮೇಜಿಗೇ ಬಂದಾಗ ನಾನೇನು ಮಾಡಿದೆ? ಅದನ್ನು ತಂದವಳು ಸಾಹೇಬರ ಮಗಳು ಗೌರಿ. ಚಿಕ್ಕವಳಿದ್ದಾಗ ಶಾಲೆಯಿಂದ ಕಾರ್ಖಾನೆಗೆ ಬಂದು ನನ್ನ ಡಬ್ಬಿಯ ಶೇಂಗಾ ಚಟ್ನಿ ಖಾಲಿ ಮಾಡುತ್ತಿದ್ದವಳು. ಈಗ ಓದು ಮುಗಿಸಿ ಬಂದು ಕಾರ್ಖಾನೆ ನೋಡಿಕೊಳ್ಳುತ್ತಾಳೆ. ‘ಅಹೋ ಕಾಕಾ,’ ಎಂದಳು ಮರಾಠಿಯಲ್ಲಿ, ‘ಫೋನು ಮಾಡಿ ತಗಾದೆ ಮಾಡುವ ಯಂತ್ರ ಇದು. ಯಾರ ದನಿ ಕೊಟ್ಟರೆ ಅವರ ದನಿಯಲ್ಲಿ ಮಾತಾಡುತ್ತದೆ. ಬೆಳಗಾವಿಯವರ ಜೊತೆ ನಿಮ್ಮ ಹಾಗೆ ಮಾತಾಡುವುದು ಇನ್ಯಾರಿಗೂ ಬರುವುದಿಲ್ಲ. ನಿಮ್ಮ ದನಿಯೇ ಬೇಕು.’ ಬಸ್ಸಿನಲ್ಲಿ ಇಷ್ಟು ವರ್ಷ ಭಾಷಣ ಮಾಡಿದವನು ಆಗ ಮೇಜು ಗುದ್ದಿ ಎದ್ದೇಳಬೇಕಿತ್ತು. ನಾನು ಗಂಟಲು ಸರಿಮಾಡಿಕೊಂಡೆ. ‘ಜೇನುತುಪ್ಪ ನೆಕ್ಕಿ ಬಂದರೆ ದನಿ ಇನ್ನೂ ಚೆನ್ನಾಗಿ ಬರುತ್ತದೆ’ ಎಂದೂ ಹೇಳಿದೆ. ಹೊಗಳಿಕೆಗೆ ಬಿದ್ದು ತನ್ನ ಕುತ್ತಿಗೆಯ ಅಳತೆಯನ್ನು ತಾನೇ ಕೊಟ್ಟುಬಂದವನು ಈ ಉದ್ಯಮದ ಇತಿಹಾಸದಲ್ಲಿ ನಾನೊಬ್ಬನೇ ಇರಲಾರೆ ಎಂಬುದೊಂದೇ ಸಮಾಧಾನ. ನನ್ನ ಮಾತುಕತೆಗಳನ್ನೆಲ್ಲ ಧ್ವನಿಮುದ್ರಿಸಿಕೊಂಡು ಯಂತ್ರಕ್ಕೆ ಉಣಿಸಿದರು. ಗೌರಿ ಅದಕ್ಕೆ ಒಂದೇ ಪಾಠ ಹೆಚ್ಚು ಹೇಳಿಕೊಟ್ಟಳಂತೆ: ಎದುರಿನವರು ಏನೇ ಒಪ್ಪಿಕೊಂಡರೂ ದಿನ, ಹೊತ್ತು, ಎಷ್ಟು ಎಂಬುದನ್ನು ಕೇಳಿಕೊಳ್ಳದೆ ಫೋನು ಇಡಬೇಡ.

ಸೋಮವಾರ ಯಂತ್ರ ಫೋನು ಮಾಡಿತು. ಗುರುವಾರ ಬೆಳಗಾವಿಯಲ್ಲಿ ಗಾಡಿ ನಿಜವಾಗಿ ಬಿಟ್ಟಿತು. ಶುಕ್ರವಾರ ಬೆಳಿಗ್ಗೆ ನಿಜವಾಗಿ ಬಂತು. ಹೇಳಿದ ದಿನ ಬಂದ ಲಾರಿಯನ್ನು ನೋಡಲು ಲೇತಿನವರೆಲ್ಲ ಗೇಟಿನ ತನಕ ಹೋದರು. ಅದರಲ್ಲೊಬ್ಬ ನನ್ನ ಬೆನ್ನು ತಟ್ಟಿ, ‘ಕಾಯ್ ಗಲಗಲಿ, ಯಂತ್ರ ನಿಮಗಿಂತ ಚಲೋ!’ ಎಂದ. ನಾನು ನಕ್ಕೆ. ಶಾಲಿನ ಬಣ್ಣ ಯಾವುದಿರಬಹುದೆಂದು ರಾತ್ರಿಯೆಲ್ಲ ಯೋಚಿಸಿದೆ.

ಶನಿವಾರ ಮಧ್ಯಾಹ್ನ ಗೌರಿ ಕರೆಸಿದಳು. ಬಂತು ಎಂದುಕೊಂಡು ಒಳಗೆ ಹೋದೆ. ಮೇಜಿನ ಮೇಲೆ ಶಾಲೂ ಇರಲಿಲ್ಲ, ತೆಂಗಿನಕಾಯಿಯೂ ಇರಲಿಲ್ಲ. ಗೌರಿ ಹುಬ್ಬು ಗಂಟಿಕ್ಕಿಕೊಂಡು ಮೊಬೈಲು ನೋಡುತ್ತಿದ್ದಳು. ‘ಕಾಕಾ, ಬೆಳಗಾವಿಯಿಂದ ನಾಳೆ ಹನ್ನೆರಡಕ್ಕೆ ಇನ್ನೂ ನಾಲ್ಕು ನಗ ಮಾಲು ಬರುತ್ತದೆ ಅಂತ ಯಂತ್ರ ಹೇಳುತ್ತಿದೆ. ಇಳಿಸುವ ಜಾಗ, ಗಲಗಲಿಯವರ ಮನೆ. ಕಾಸ್ಟಿಂಗು ಮನೆಗೆ ಯಾಕೆ ತರಿಸುತ್ತಿದ್ದೀರಿ?’

ಇಷ್ಟು ವರ್ಷದ ನೌಕರಿಯಲ್ಲಿ ಕಾರ್ಖಾನೆಯ ಒಂದು ಮೊಳೆಯನ್ನೂ ನಾನು ಮನೆಗೆ ಒಯ್ದವನಲ್ಲ. ಅದನ್ನೇ ಎರಡು ಸಲ ಹೇಳಿದೆ. ಕಡೆಗೆ ಅವಳು ಸೋಮವಾರದ ಮಾತುಕತೆಯ ಧ್ವನಿಮುದ್ರಣವನ್ನು ಹಾಕಿದಳು. ನನ್ನದೇ ದನಿ. ‘ಚಹಾ ಆತೇನ್ರಿ ಈರಣ್ಣಾರ?’ ‘ಆತ್ರಿ, ನಿಮ್ದು?’ ‘ನಂದೂ ಆತ್ರಿ’ ಎಂದಿತು, ಜನ್ಮದಲ್ಲಿ ಚಹಾ ಕಾಣದ ಯಂತ್ರ. ಮಾಲಿನ ಮಾತಾಯಿತು. ‘ಗುರುವಾರ ಗಾಡಿ ಬಿಡ್ತೈತ್ರಿ’ ಎಂದರು ಈರಣ್ಣ. ‘ಎಷ್ಟ್ ಗಂಟೆಕ್ಕ ಬಿಡ್ತದ್ರಿ? ಗಾಡಿ ನಂಬರ ಹೇಳ್ರಿ’ ಎಂದಿತು. ಈರಣ್ಣ ಕೆಮ್ಮಿದರು. ಇಪ್ಪತ್ತು ವರ್ಷದಲ್ಲಿ ಈ ಪ್ರಶ್ನೆ ಅವರಿಗೆ ಬಂದಿರಲಿಲ್ಲ. ಹೇಗೋ ಹೇಳಿದರು. ಆಮೇಲೆ ಬಂತು ನೋಡಿ.

‘ಒಮ್ಮೆ ಮನಿಗೆ ಊಟಕ್ಕ ಬರ್ರಿ.’

‘ಬರೋಣ್ರಿ, ಬರೋಣ್ರಿ.’

‘ಯಾವ ದಿನಾ ಬರ್ತೀರಿ?’

ಈರಣ್ಣ ಮತ್ತೆ ಕೆಮ್ಮಿದರು. ‘ಅಂದ್ರ... ನೋಡೋಣ್ರಿ.’

‘ನೋಡೋಣ ಅಂದ್ರ ನಡ್ಯಂಗಿಲ್ರಿ. ಈ ಭಾನುವಾರ ಹನ್ನೆರಡಕ್ಕ ಅಂತ ಹಿಡೀಲೇನ್ರಿ?’

‘ಹಾಂ... ಹಿಡೀರಿ.’

‘ಎಷ್ಟು?’

‘ನಾವು ನಾಕ್ ಮಂದಿ ಆಗ್ತೀವಲ್ರಿ.’

‘ನಾಕೂ ಒಮ್ಮೇ ಕಳಸ್ರಿ, ಕಂತಿನ್ಯಾಗ ಬ್ಯಾಡ. ಹೋದ ಸಲ ಕಡಿಮಿ ಬಂದಿದ್ವು.’

ಈರಣ್ಣ ಗೊಳ್ಳೆಂದು ನಕ್ಕರು. ‘ಏನ್ರಿ ಗಲಗಲಿಯವರ, ಇವತ್ತ ಭಾಳ ಖುಷಿಯೊಳಗ ಇದ್ದೀರಲ್ರಿ!’

‘ಹೌದ್ರಿ. ಭಾಳ ಖುಷಿ ಅದ’ ಎಂದಿತು ಯಂತ್ರ. ನಾನು ಹುಟ್ಟಿದಾಗಿನಿಂದ ಈ ಮಾತು ಹೇಳಿದ ನೆನಪಿಲ್ಲ.

ಕನ್ನಡದ ಮಾತನ್ನು ಗೌರಿಗೆ ಅನುವಾದಿಸಿ ಹೇಳಿದೆ. ಅವಳು ನಗು ತಡೆಯಲಾರದೆ ಮೇಜಿನ ಮೇಲೆ ಬಿದ್ದಳು. ನನಗೆ ನಗು ಬರಲಿಲ್ಲ. ಮನೆಗೆ ಹೋಗಿ ಹೇಳಬೇಕಲ್ಲ. ವಿಮಲಾ ಪೂರ್ತಿ ಕೇಳಿಸಿಕೊಂಡಳು. ‘ಅಂದ್ರ ಇಪ್ಪತ್ತ ವರ್ಷದಿಂದ ದಿನಾ ಊಟಕ್ಕ ಕರ್ಯಾಕ್ಹತ್ತೀರಿ?’

‘ಹೌದು.’

‘ನನಗ ಒಂದ ದಿನಾನೂ ಹೇಳಿಲ್ಲಲ್ಲ?’

‘ಅದು ಹಂಗ ಅನ್ನೋ ಮಾತು. ಯಾರೂ ಬರಂಗಿಲ್ಲ.’

‘ಮಷೀನಿಗೆ ಇದ್ದಷ್ಟು ಖರೇತನ ನಿಮಗಿಲ್ಲ’ ಎಂದು ಚೀಲ ನನ್ನ ಕೈಗೆ ಕೊಟ್ಟಳು. ‘ಬದನಿಕಾಯಿ ಸಣ್ಣವು ತರ್ರಿ.’

ಫೋನು ಮಾಡಿ ಬೇಡವೆಂದು ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೇಗೆ ಹೇಳುವುದು? ‘ನಿಮ್ಮನ್ನು ಕರೆದದ್ದು ನಾನಲ್ಲ, ಯಂತ್ರ’ ಎಂದರೆ ಅವರ ಮನಸ್ಸಿಗೆ ಏನಾದೀತು? ಹೇಳದಿದ್ದರೆ ನನ್ನ ಮನಸ್ಸಿಗೆ ಏನಾದೀತು? ಕೆಲಸ ಹೋಗುವ ಚಿಂತೆಯೆಲ್ಲ ಒಂದೇ ಏಟಿಗೆ ಹಾರಿಹೋಗಿ ಈ ಚಿಂತೆ ಬಂದು ಕುಳಿತಿತು. ಕಂಡಿಲ್ಲದ ಮನುಷ್ಯ ಅಷ್ಟು ಬೇಕಾದವನಾಗಿದ್ದಾನೆಂದು ನನಗೆ ಆಗಲೇ ಗೊತ್ತಾದದ್ದು.

ಭಾನುವಾರ ಹನ್ನೆರಡಕ್ಕೆ ಸರಿಯಾಗಿ ಬಾಗಿಲ ಗಂಟೆ ಹೊಡೆಯಿತು. ನಾಲ್ಕೂ ಒಮ್ಮೆಗೇ ಬಂದಿದ್ದವು: ಈರಣ್ಣ, ಅವರ ಹೆಂಡತಿ, ಅಕ್ಕ, ಅಕ್ಕನ ಗಂಡ, ಜೊತೆಗೆ ಬೆಳಗಾವಿಯ ಸಿಹಿ ಕುಂದಾದ ದೊಡ್ಡ ಡಬ್ಬಿ. ದನಿ ಕೇಳಿ ನಾನು ಆಜಾನುಬಾಹುವನ್ನು ಕಲ್ಪಿಸಿಕೊಂಡಿದ್ದೆ. ಈರಣ್ಣ ನನ್ನ ಭುಜಕ್ಕೆ ಬರುತ್ತಿದ್ದರು. ಅವರೂ ನನ್ನ ಬೋಳುತಲೆಯನ್ನು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ತೆಗೆದುಕೊಂಡರು. ಹೆಂಗಸರು ಅಡುಗೆಮನೆಯ ಕಡೆ ನಡೆದು, ಕ್ಷಣದಲ್ಲಿ ಹಳೆಯ ಗೆಳತಿಯರಾದರು. ಅಕ್ಕನ ಗಂಡ ಪೇಪರು ತೆಗೆದುಕೊಂಡು ಅದರ ಹಿಂದೆ ಮರೆಯಾದರು. ಉಳಿದವರು ನಾವಿಬ್ಬರು. ‘ಆರಾಮ ಬಂದ್ರಿ?’ ‘ಹೂಂನ್ರಿ.’ ‘ಸೆಕಿ ಭಾಳ ಅದ.’ ‘ಐತ್ರಿ.’ ಮುಗಿಯಿತು. ದಿನವೂ ಬಿಡದೆ ಮಾತಾಡಿದ ಇಬ್ಬರು ಗಂಡಸರು ಸೋಫಾದ ಎರಡು ತುದಿಯಲ್ಲಿ ಕುಳಿತು ಫ್ಯಾನು ನೋಡತೊಡಗಿದೆವು. ಯಂತ್ರದ ವಿಷಯ ಹೇಳಿಬಿಡಬೇಕಿತ್ತು. ಒಮ್ಮೆ ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ನೆಲ ನೋಡುತ್ತ ಮೆಲ್ಲಗೆ, ‘ಇಷ್ಟ ವರ್ಷ ಕರದ್ರಿ. ಆದ್ರ ಯಾವ ದಿನಾ ಅಂತ ಕೇಳಿದ್ದು ಇದ ಮೊದಲ ಸಲಾರಿ. ಮನಿಯಾಕಿಗೆ ಹೇಳಿದ್ನಿ, ಗಲಗಲಿಯವರು ಈ ಸಲ ಖರೇನ ಕರ್ಯಾಕ್ಹತ್ಯಾರ ಅಂತ’ ಎಂದರು.

ನಾನು ಎದ್ದು ಅಡುಗೆಮನೆಗೆ ಹೋದೆ. ಹೆಂಗಸರನ್ನು ದಾಟಿ, ಹಿಂದಿನ ಪುಟ್ಟ ಬಾಲ್ಕನಿಯಲ್ಲಿ ನಿಂತು, ಬೇರೆ ದಾರಿ ಕಾಣದೆ ಈರಣ್ಣನವರಿಗೆ ಫೋನು ಮಾಡಿದೆ. ಪಡಸಾಲೆಯಲ್ಲಿ ಅವರ ಫೋನು ರಿಂಗಾಯಿತು. ‘ಹಲೋ, ಗಲಗಲಿಯವರ!’ ಎಂದರು, ಮೊದಲಿನ ದನಿಯಲ್ಲಿ, ಬೆಳಗಾವಿಯಿಂದ ಮಾತಾಡಿದ ಹಾಗೆ. ‘ಚಹಾ ಆತೇನ್ರಿ?’ ಎಂದೆ, ರೂಢಿಯಿಂದ. ‘ನಿಮ್ಮ ಮನ್ಯಾಗ ಇನ್ನೂ ಕೊಟ್ಟಿಲ್ರಿ’ ಎಂದರು. ಮಾತು ಹರಿಯಿತು. ಮೊಣಕಾಲು ಬಂತು, ಅಸಿಡಿಟಿ ಬಂತು. ಅದರ ನಡುವೆ ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ: ಯಂತ್ರ, ದನಿ, ದಿನ ಕೇಳುವ ಪಾಠ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವುದು ನಿಂತಿತು, ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ‘ಅಂದ್ರ... ನೀವು ಕರದಿದ್ದಿಲ್ಲೇನ್ರಿ?’ ಎಂದರು ಈರಣ್ಣ. ವಿಮಲಾ ಹಿಟ್ಟಿನ ಕೈಯಿಂದಲೇ ನನ್ನ ಫೋನು ಕಸಿದುಕೊಂಡಳು. ‘ಅಣ್ಣಾರ, ಕರದದ್ದು ಮಷೀನಾದ್ರ ಏನಾತ್ರಿ? ರೊಟ್ಟಿ ಬಡದಾಕಿ ನಾನ. ಆರಿ ಹೋಗ್ತಾವ, ಕೈ ತೊಳಕೊಂಡು ಬರ್ರಿ!’

ಪಡಸಾಲೆಯಿಂದ ನಗು ಕೇಳಿಸಿತು. ಫೋನಿನಿಂದಲೂ ಅದೇ ನಗು ಕೇಳಿಸಿತು. ಊಟಕ್ಕೆ ಕುಳಿತ ಮೇಲೆ ಎಣ್ಣೆಗಾಯಿಯನ್ನು ರೊಟ್ಟಿಯಲ್ಲಿ ಸುತ್ತುತ್ತ ಈರಣ್ಣ ಹೇಳಿದರು: ‘ನಂದೂ ಅಷ್ಟರಿ. ಗಾಡಿ ನಿಪ್ಪಾಣಿ ದಾಟೇತಿ ಅಂತ ಎಷ್ಟ್ ಸಲ ಹೇಳೀನಿ. ಅಷ್ಟ್ ಗಾಡಿ ಖರೇನ ದಾಟಿದ್ರ ನಿಪ್ಪಾಣ್ಯಾಗ ರಸ್ತೆ ಉಳೀತಿದ್ದಿಲ್ಲ.’ ಅವರ ಹೆಂಡತಿ, ‘ಮನ್ಯಾಗೂ ಹಂಗ ರೀ. ಅಂಗಡಿಗೆ ಕಳಿಸಿ ಫೋನ್ ಹಚ್ಚಿದ್ರ, ಬಾಗಲದಾಗ ಬಂದೀನಿ ಅಂತಾರ’ ಎಂದರು. ಮಾತು ಎಲ್ಲೆಲ್ಲಿಗೋ ಹೋಯಿತು. ನಾಲ್ಕೂ ಮಂದಿ ಎದ್ದಾಗ ಸಂಜೆಯ ಚಹಾ ಮುಗಿದಿತ್ತು.

ಆಮೇಲೆ ಗೌರಿ ಯಂತ್ರವನ್ನು ಸ್ವಲ್ಪ ತಿದ್ದಿದಳು. ಈಗ ಅದು ‘ನಾನು ಯಂತ್ರ’ ಎಂದು ಹೇಳಿಯೇ ಶುರುಮಾಡುತ್ತದೆ, ದಿನ, ಹೊತ್ತು ಕೇಳುತ್ತದೆ. ಈರಣ್ಣ ಉತ್ತರ ಹೇಳಿ, ‘ಆತಲ್ಲ? ಇನ್ನ ಗಲಗಲಿಯವರನ್ನ ಕೊಡು’ ಎನ್ನುತ್ತಾರೆ. ಅಲ್ಲಿಂದ ನನ್ನ ಕೆಲಸ. ಬೇರೆ ಊರಿನ ಸರಬರಾಜುದಾರರೂ ಈಗ ಹಾಗೆಯೇ ಕೇಳುತ್ತಿದ್ದಾರೆ. ಆದ್ದರಿಂದ ಶಾಲಿನ ಮಾತು ಸದ್ಯಕ್ಕೆ ಯಾರೂ ಎತ್ತಿಲ್ಲ. ಮಂದಿಯ ನೌಕರಿ ಹೋಗುತ್ತದೆ ಎಂದು ಪೇಪರಿನವರು ಬರೆಯುವುದು ಸುಳ್ಳೆಂದು ನಾನು ಹೇಳುವುದಿಲ್ಲ. ಬಸ್ಸಿನ ಭಾಷಣ ಮುಂದುವರಿದಿದೆ. ಆದರೆ ಅವರು ಬರೆಯದ ಒಂದು ಅಪಾಯವನ್ನೂ ಈಗ ಸೇರಿಸಿಕೊಂಡಿದ್ದೇನೆ: ಈ ಯಂತ್ರಗಳು ನಮ್ಮ ಮಾತನ್ನು ನಂಬುತ್ತವೆ. ನಮ್ಮ ಸಮಾಜ ಇಷ್ಟು ದಿನ ಅದಕ್ಕೆ ತಯಾರಿರಲಿಲ್ಲ.

ಹಾಗೆ ನೋಡಿದರೆ ನಾನು ಹೆದರಿದ್ದರಲ್ಲಿ ಯಾವುದೂ ಆಗಲಿಲ್ಲ. ಏಕವಚನವಿಲ್ಲ, ಹತ್ತು ಸಾವಿರವಿಲ್ಲ, ಲೇತು ನಿಲ್ಲಲಿಲ್ಲ, ಈರಣ್ಣ ಮುನಿಸಿಕೊಳ್ಳಲಿಲ್ಲ. ಕೆಟ್ಟದ್ದು ಒಂದೇ, ಅದೂ ಸಣ್ಣದು. ಆ ಸಂಜೆ ಲಿಫ್ಟಿನ ಬಾಗಿಲಲ್ಲಿ ನಿಂತು ಈರಣ್ಣ, ‘ಇನ್ನ ನೀವು ಬೆಳಗಾವಿಗೆ ಬರಬೇಕ್ರಿ’ ಎಂದರು. ‘ಬರೋಣ್ರಿ, ಬರೋಣ್ರಿ’ ಎಂದೆ, ಎಂದಿನಂತೆ ನಿಶ್ಚಿಂತೆಯಿಂದ. ಮುಚ್ಚುತ್ತಿದ್ದ ಲಿಫ್ಟಿನ ಬಾಗಿಲನ್ನು ಕೈಯಲ್ಲಿ ತಡೆದು ವಿಮಲಾ ಕೇಳಿದಳು: ‘ಯಾವ ದಿನಾ?’ ಇಷ್ಟು ವರ್ಷ ಯಾವ ತೊಂದರೆಯೂ ಕೊಡದೆ ನಡೆದಿದ್ದ ಆ ‘ಬರೋಣ್ರಿ’ ಅಲ್ಲೇ ಕೆಟ್ಟಿತು. ಈಗ ಅದನ್ನು ಹೇಳಿದರೆ ಹೋಗಬೇಕಾಗುತ್ತದೆ.