ಶಾಂತರಾಜುವಿನ ಸಣ್ಣ ಲೆನ್ಸು

ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ಸ್ಟುಡಿಯೋ ಇಟ್ಟಿದ್ದ ಶಾಂತರಾಜುವಿಗೆ ತಾಪತ್ರಯ ಶುರುವಾದದ್ದು ಅವನ ಹಳೆಯ ಜೂಮ್ ಲೆನ್ಸಿನಿಂದ. ಅದು ಒನಕೆ ತುಂಡಿನಂತಿತ್ತು. ಅದನ್ನು ಹೆಗಲಿಗೆ ನೇತುಹಾಕಿಕೊಂಡು ಅವನು ಯಾವ ಊರಲ್ಲಿ ಬಸ್ಸಿಳಿದರೂ ಕಟ್ಟೆಯ ಮೇಲೆ ಕೂತವರು ಬೀಡಿ ಆರಿಸಿ ಎದ್ದು ನಿಲ್ಲುತ್ತಿದ್ದರು. ಯಾಕೆಂದರೆ ಶಾಂತರಾಜು ತೆಗೆಯುತ್ತಿದ್ದುದು ಸತ್ತವರ ಫೋಟೋ.

ಈ ಸೀಮೆಯಲ್ಲಿ ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಮಕ್ಕಳು ಮೊಮ್ಮಕ್ಕಳು ಸುತ್ತ ನಿಂತು ಕೊನೆಯ ಫೋಟೋ ತೆಗೆಸಿಕೊಳ್ಳದೆ ಮಣ್ಣಿಗೆ ಎತ್ತುವುದಿಲ್ಲ. ಬೇರೆ ಫೋಟೋಗ್ರಾಫರುಗಳು ಮೂಗು ಮುರಿದ ಕೆಲಸಕ್ಕೆ ಶಾಂತರಾಜು ದಾಕ್ಷಿಣ್ಯಕ್ಕೆಂದು ಒಂದೆರಡು ಸಲ ಹೋದ. ಹೆಸರು ಅಂಟಿಕೊಂಡಿತು. ಆಮೇಲೆ ಮದುವೆಗಿರಲಿ, ನಾಮಕರಣಕ್ಕೂ ಯಾರೂ ಕರೆಯಲಿಲ್ಲ. ಸ್ವಂತ ಬಾಮೈದನ ಮದುವೆಗೆ ಹೆಂಡತಿ ಪ್ರೇಮಾ ಒಬ್ಬಳಿಗೇ ಕರೆ ಬಂದಾಗ ಅವನಿಗೆ ನಿಜವಾಗಿಯೂ ಅಳು ಬಂದಿತ್ತು.

ಕೊನೆಗೆ ಅವನಿಗೊಂದು ಉಪಾಯ ಹೊಳೆಯಿತು. ಕ್ಯಾಮೆರಾ ಹೇಗೂ ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್, ಅಂಗೈಯಗಲ. ಲೆನ್ಸೂ ಸಣ್ಣದಾದರೆ ಊಟದ ಬ್ಯಾಗಿನಲ್ಲಿ ಅಡಗಿಸಿಕೊಂಡು ಹೋಗಬಹುದು, ಗುರುತು ಸಿಗುವುದಿಲ್ಲ. ಜೂಮ್ ಇಲ್ಲದ ಪ್ರೈಮ್ ಲೆನ್ಸುಗಳು ಸಣ್ಣವೂ ಹೌದು, ಅಗ್ಗವೂ ಹೌದು. ಆದರೆ ಯಾವುದು? ಪಕ್ಕದ ಜೆರಾಕ್ಸ್ ಅಂಗಡಿಯ ಮಾದು ಜೀವಮಾನದಲ್ಲಿ ಕ್ಯಾಮೆರಾ ಮುಟ್ಟಿದವನಲ್ಲ, ಆದರೂ ಐವತ್ತು ಎಂ.ಎಂ.ದೇ ತಗೋ, ಮುಖ ಚೆನ್ನಾಗಿ ಬರುತ್ತದೆ ಎಂದು ಗಂಟುಬಿದ್ದ. ಅದೇ ಎಲ್ಲಕ್ಕಿಂತ ಅಗ್ಗವೂ ಆಗಿತ್ತು. ಆದರೆ ಐವತ್ತರಲ್ಲಿ ನಾಲ್ಕು ಜನ ಹಿಡಿಸಬೇಕಾದರೆ ಹಿಂದೆ ಹಿಂದೆ ಸರಿಯಬೇಕು, ಹಳ್ಳಿಯ ಮನೆಗಳಲ್ಲಿ ಬೆನ್ನಿಗೆ ಗೋಡೆ ಸಿಗುತ್ತದೆ. ಇಪ್ಪತ್ತೇಳರದು ಬಿಲ್ಲೆಯ ಹಾಗೆ ತೆಳ್ಳಗೆ, ಆದರೆ ಮಬ್ಬು ಬೆಳಕಲ್ಲಿ ಅದಕ್ಕೆ ಕಣ್ಣೇ ಕಾಣದು. ಊಟ ನಿದ್ದೆ ಬಿಟ್ಟು ಯೋಚಿಸಿ ಶಾಂತರಾಜು ಎರಡರ ನಡುವಿನ ಮೂವತ್ತೈದರದನ್ನು ತರಿಸಿದ. ಮಾದು ಮಾತು ಬಿಟ್ಟ.

ಲೆನ್ಸು ಬಂದ ಗಳಿಗೆ ಒಳ್ಳೆಯದಿತ್ತೋ ಏನೋ, ಬಂಡಳ್ಳಿಯ ಶಿವರಾಜು ತನ್ನ ಮಗಳು ಚೈತ್ರಳ ನಿಶ್ಚಿತಾರ್ಥಕ್ಕೆ ಕರೆದ. ಒಪ್ಪಿಕೊಂಡಿದ್ದ ಫೋಟೋಗ್ರಾಫರು ಕಾಲು ಮುರಿದುಕೊಂಡಿದ್ದ. ಇದೊಂದು ಸರಿಹೋದರೆ ಮದುವೆಯೂ ತನ್ನದೇ, ಬದುಕಿರುವವರ ಲೋಕಕ್ಕೆ ತಾನೂ ಸೇರಿದಂತೆ ಎಂದು ಶಾಂತರಾಜು ಹೂವಿನ ಚಿತ್ತಾರದ ಅಂಗಿ ತೊಟ್ಟು ಬಸ್ಸು ಹತ್ತಿದ.

ಹನೂರಿನಲ್ಲಿ ಬಂಡಳ್ಳಿಯ ನಂಜಯ್ಯ ಹತ್ತಿ ಪಕ್ಕದಲ್ಲೇ ಕೂತ. ಊರಿನ ಸುದ್ದಿಯೆಲ್ಲ ಮೊದಲು ತನ್ನ ಬಾಯಿಂದಲೇ ಹೊರಡಬೇಕೆನ್ನುವ ಮನುಷ್ಯ ಅವನು.

“ಯಾರು ಓದ್ರು?” ಎಂದು ಮೆಲ್ಲಗೆ ಕೇಳಿದ.

ಯಾರೂ ಹೋಗಿಲ್ಲ, ಸುಮ್ಮನೆ ಹೊರಟಿದ್ದೇನೆ ಎಂದು ಶಾಂತರಾಜು ಬ್ಯಾಗನ್ನು ತಬ್ಬಿಕೊಂಡ. ನಂಜಯ್ಯ ಬ್ಯಾಗಿನ ಬಾಯಿ ಸರಿಸಿ ಇಣುಕಿಯೇಬಿಟ್ಟ. ಅವನ ಮುಖ ಕಪ್ಪಿಟ್ಟಿತು.

“ಕ್ಯಾಮ್ರಾ ಇಷ್ಟ್ ಚಿಕ್ಕದು ತಂದಿದ್ದೀಯಲ್ಲಾ,” ಎಂದ. “ಓಗಿದ್ದು ಮಗೀನಾ?”

ಅಲ್ಲ ಎಂದು ಶಾಂತರಾಜು ಎಷ್ಟು ಹೇಳಿದರೂ ನಂಜಯ್ಯ ಆಗಲೇ ಕಣ್ಣೊರೆಸಿಕೊಳ್ಳುತ್ತ ಫೋನು ಮಾಡತೊಡಗಿದ್ದ. ಬಂಡಳ್ಳಿಯಲ್ಲಿ ಇಳಿಯುವಷ್ಟರಲ್ಲಿ ಅರ್ಧ ಊರು ಬಸ್ಸಿನ ಬಾಗಿಲಲ್ಲಿತ್ತು. ಹೆಂಗಸರು ತಮ್ಮ ತಮ್ಮ ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ಬಂದಿದ್ದರು. ಅವನು ನಡೆದರೆ ಅವರೂ ನಡೆದರು, ನಿಂತರೆ ನಿಂತರು. ಯಾರೋ ಹಾರ ತಂದರು, ಇನ್ಯಾರೋ ತಮಟೆಯವರಿಗೆ ಹೇಳಿಕಳಿಸಿದರು. ಆ ಮೆರವಣಿಗೆಯೊಂದಿಗೆ ಅವನು ಮಾವಿನ ತೋರಣ ಕಟ್ಟಿದ ಶಿವರಾಜುವಿನ ಮನೆ ಮುಂದೆ ನಿಂತಾಗ ಒಳಗಿನಿಂದ ಬಂದ ಶಿವರಾಜು ಬೆವೆತುಹೋದ. ಶಾಂತರಾಜುವಿನ ರಟ್ಟೆ ಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋದ.

“ಯಾರ್ ಏಳುದ್ರು ನಿಂಗೆ?” ಎಂದ. “ನಾನು, ನನ್ ಎಂಡ್ತಿ ಬುಟ್ರೆ ಯಾರ್ಗೂ ಗೊತ್ತಿಲ್ವಲ್ಲ.”

ಏನು ಗೊತ್ತಿಲ್ಲ ಎಂದು ಶಾಂತರಾಜು ಕೇಳಿದ.

“ನಮ್ಮವ್ವ ಬೆಳಿಗ್ಗೇನೇ ಓಗ್ಬುಟ್ಲು ಕಣಪ್ಪ. ಕೋಣೇಲಿ ಕಂಬ್ಳಿ ಒದ್ಸಿ ಮನಗ್ಸಿವ್ನಿ. ಸೂತ್ಕ ಅಂದ್ರೆ ಗಂಡಿನೋರು ಬಂದ ದಾರೀಲಿ ವಾಪಸ್ ಓಯ್ತಾರೆ. ಈ ಸಂಬಂಧ ತಪ್ಪೋದ್ರೆ ನನ್ ಮಗೀಗೆ ಇನ್ನೊಂದು ಸಿಕ್ಕಾಕಿಲ್ಲ. ಅವರು ಬಸ್ ಅತ್ತೋಗಂಟ ಬಾಯ್ ಮುಚ್ಕಂಡಿರು. ಮದ್ವೆ ಫೋಟೋನೂ ನಿಂದೇಯ.”

ಹೆತ್ತ ತಾಯಿಗಾಗಿ ಅಳುವುದಕ್ಕೂ ಪುರಸೊತ್ತಿಲ್ಲದ ಮಗನನ್ನು ಕಂಡು ಶಾಂತರಾಜು ಇದಾಗದು ಎನ್ನಲು ಬಾಯಿ ತೆರೆದ. ಆದರೆ ಮದುವೆಯ ಫೋಟೋ ಎಂಬ ಮಾತು ಕಿವಿಗೆ ಬಿದ್ದಿತ್ತು. ಹೊರಗೆ ಹೋಗಿ, ಈ ಮನೆಯಲ್ಲಿ ಯಾರೂ ಸತ್ತಿಲ್ಲ ಎಂದು ಮಲೆ ಮಾದಪ್ಪನ ಮೇಲೆ ಆಣೆ ಮಾಡಿದ. ಜನ ನಂಬಲಿಲ್ಲ, ಆದರೆ ಆಣೆಗೆ ಹೆದರಿ ಸುಮ್ಮನಾದರು. ಅಷ್ಟರಲ್ಲಿ ಯಳಂದೂರಿನಿಂದ ಗಂಡಿನವರು ಬಂದರು. ಇಷ್ಟು ಜನ ಹಾರ ಹಿಡಿದು ಕಾದಿರುವುದು ನೋಡಿ ಗಂಡಿನ ತಂದೆ ರಂಗಸ್ವಾಮಿ ಬಹಳ ಸಂತೋಷಪಟ್ಟ, ಕತ್ತು ಬಗ್ಗಿಸಿ ಒಂದು ಹಾರವನ್ನೂ ಹಾಕಿಸಿಕೊಂಡ.

ಉಂಗುರ ಬದಲಾಯಿತು. ಸಣ್ಣ ಲೆನ್ಸು ಅಚ್ಚುಕಟ್ಟಾಗಿ ಕೆಲಸ ಮಾಡಿತು. ಚೈತ್ರ ನಕ್ಕಳು, ಹುಡುಗ ನಕ್ಕ. ಇಷ್ಟು ವರ್ಷಗಳಲ್ಲಿ ತನ್ನ ಕ್ಯಾಮೆರಾ ನೋಡಿ ಯಾರೂ ನಕ್ಕಿರಲಿಲ್ಲವೆಂದು ನೆನೆದು ಶಾಂತರಾಜುವಿನ ಕಣ್ಣು ಮಂಜಾಯಿತು.

ಆಗ ರಂಗಸ್ವಾಮಿ, ಮನೆಯ ಹಿರಿಯಮ್ಮನ ಕೈಯಿಂದ ಅಕ್ಷತೆ ಹಾಕಿಸಿ ಒಂದು ಫೋಟೋ ಆಗಲಿ ಎಂದ. ಅವ್ವನಿಗೆ ಹುಷಾರಿಲ್ಲ, ಮಲಗಿದ್ದಾಳೆ ಎಂದು ಶಿವರಾಜು ತೊದಲಿದ. ಎಬ್ಬಿಸುವುದಕ್ಕೆಂದು ನಂಜಯ್ಯ ಆಗಲೇ ಕೋಣೆಗೆ ನುಗ್ಗಿದ್ದ. ತಡವಾಗಿ, ಬಹಳ ಮೆಲ್ಲಗೆ ಹೊರಗೆ ಬಂದ.

“ತಣ್ಣಗವ್ಳೆ,” ಎಂದ.

ಬೆಳಗಿನಿಂದ ತಡೆದಿಟ್ಟ ಅಳುವೆಲ್ಲ ಶಿವರಾಜುವಿನಿಂದ ಒಮ್ಮೆಗೇ ಹೊರಬಂತು. ಅವನು ಹೊಸಿಲ ಮೇಲೆ ಕುಸಿದು, ಮಾದಪ್ಪನಾಣೆ ನನಗೆ ಗೊತ್ತಿರಲಿಲ್ಲ ಎಂದು ಎದೆ ಬಡಿದುಕೊಂಡ. ನಂಜಯ್ಯ ಶಾಂತರಾಜುವಿನ ಕಡೆ ಬೆರಳು ತೋರಿಸಿದ.

“ನಿಂಗ್ ಗೊತ್ತಿರ್ನಿಲ್ಲ ಕಣಪ್ಪ, ಇವ್ನಿಗೆ ಮುಂಚೇನೇ ಗೊತ್ತಿತ್ತು. ಬಸ್ಸಲ್ಲೇ ಇವ್ನ್ ಮುಖ ನೋಡಿ ಕಂಡ್ಕಂಡೆ.”

ಊರಿಗೆ ಊರೇ ಶಾಂತರಾಜುವಿನತ್ತ ತಿರುಗಿತು. ನಿಜ ಹೇಳಿದರೆ ಶಿವರಾಜುವಿನ ಸುಳ್ಳು ಬಯಲಾಗಿ ಸಂಬಂಧ ಅಲ್ಲೇ ಮುರಿಯುತ್ತಿತ್ತು. ಬೆರಳಲ್ಲಿ ಹೊಸ ಉಂಗುರ ತಿರುಗಿಸುತ್ತ ಬಿಕ್ಕುತ್ತಿದ್ದ ಚೈತ್ರಳನ್ನು ನೋಡಿ ಅವನು ಬಾಯಿ ಮುಚ್ಚಿಕೊಂಡ. ಆಮೇಲೆ ಮುದುಕಿಯನ್ನು ಕುರ್ಚಿಯಲ್ಲಿ ಕೂರಿಸಿದರು. ಶಾಂತರಾಜು ಗೋಡೆಗೆ ಬೆನ್ನು ಕೊಟ್ಟು ನಿಂತ. ಇಡೀ ಸಂಸಾರ ಒಂದೇ ಚೌಕಟ್ಟಿನಲ್ಲಿ ಸರಿಯಾಗಿ ಹಿಡಿಸಿತು.

ಅವನು ಕ್ಯಾಮೆರಾ ಬ್ಯಾಗಿಗೆ ತುಂಬುತ್ತಿದ್ದಾಗ ರಂಗಸ್ವಾಮಿ ಹತ್ತಿರ ಬಂದ. ಹುಡುಗಿ ತನಗೆ ಒಪ್ಪಿಗೆ, ಅರಿಯದೆ ಆದದ್ದಕ್ಕೆ ಯಾರನ್ನೂ ದೂರುವುದಿಲ್ಲ, ಸೂತಕ ಕಳೆದ ಮೇಲೆ ಮದುವೆ ನಡೆದೇ ನಡೆಯುತ್ತದೆ ಎಂದು ಹೇಳಿ ಶಾಂತರಾಜುವಿನ ನಂಬರ್ ಕೇಳಿದ. ಶಾಂತರಾಜುವಿನ ಎದೆ ಹಗುರಾಯಿತು. ನಂಬರ್ ಹೇಳಿ, ಮದುವೆಗೆ ಒಂದು ದಿನ ಮುಂಚೆಯೇ ಬಂದುಬಿಡುತ್ತೇನೆ ಎಂದ.

ರಂಗಸ್ವಾಮಿ ಸುತ್ತ ನೋಡಿ ದನಿ ತಗ್ಗಿಸಿದ.

“ಮದ್ವೆಗಲ್ಲ ಸಾ. ನಮ್ಮಪ್ಪ ಆಸ್ಗೆ ಇಡ್ದವ್ರೆ. ಲಗ್ನ ಗೊತ್ ಮಾಡೋಕ್ ಮುಂಚೆ ನೀವೊಂದ್ಸಲ ಮನೆಗ್ ಬಂದು ಅವ್ರ ಮುಖ ನೋಡಿ, ಎಷ್ಟ್ ದಿನ ಅಂತ ಏಳ್ಬುಡಿ. ಕ್ಯಾಮ್ರಾ ತರೋದೇನೂ ಬ್ಯಾಡ.”