ಅವ್ವನ ಮೊಣಕಾಲು, ನನ್ನ ಕಾರಿನ ಹೀಟರು

ಜಗತ್ತಿನಲ್ಲಿ ನನಗಿಂತ ದಡ್ಡರು ಬೇಕಾದಷ್ಟು ಜನ ಇದ್ದಾರೆ ಎಂಬ ನಂಬಿಕೆಯೊಂದು ಇರದಿದ್ದರೆ ನಾನು ಇಷ್ಟು ವರ್ಷ ನೌಕರಿ ಮಾಡಿ ಬದುಕುವುದು ಸಾಧ್ಯವಿರಲಿಲ್ಲ. ಬೆಳಿಗ್ಗೆ ಎದ್ದವನು ಮನಸ್ಸಿನಲ್ಲಾದರೂ ಒಬ್ಬಿಬ್ಬರನ್ನು ಬೈದುಕೊಂಡರೇನೇ ನನಗೆ ಚಹಾ ರುಚಿಸುವುದು. ಅದರಲ್ಲೂ ಗಾಡಿ ರಿಪೇರಿ ಮಾಡುವವರ ಬಗ್ಗೆ ನನಗಿರುವ ತಿರಸ್ಕಾರ ವಿಶೇಷವಾದದ್ದು. ಹದಿನಾರು ವರ್ಷ ಒಂದೇ ಕಾರು ಇಟ್ಟುಕೊಂಡು, ಕಂಡಕಂಡವರ ಕೈಗೆ ಕೊಟ್ಟು, ಬಹಳ ಕಷ್ಟದಿಂದ ಆ ತಿರಸ್ಕಾರವನ್ನು ಬೆಳೆಸಿಕೊಂಡಿದ್ದೇನೆ.

ಈ ಸಲದ ತಂಟೆ ಹೀಟರಿನದು. ಗೋವಾದಲ್ಲಿ ಹೀಟರೇ ಎಂದು ದಯವಿಟ್ಟು ನಗಬೇಡಿ. ನಕ್ಕವರ ಮುಖವೆಲ್ಲ ನನಗೆ ನೆನಪಿದೆ. ನಾವು ಮೂಲತಃ ಧಾರವಾಡದವರು. ನಾನು ಫೋಂಡಾದ ಹತ್ತಿರದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ನಮ್ಮ ಅವ್ವನೂ ನಮ್ಮ ಜೊತೆಗೇ ಇದ್ದಾಳೆ, ಅವಳ ಎರಡು ಮೊಣಕಾಲುಗಳೂ ಇವೆ. ಗೋವಾದ ಡಾಕ್ಟರರು ಎಷ್ಟೇ ಓದಿದ್ದರೂ ಕನ್ನಡದಲ್ಲಿ ನೋಯುವ ಮೊಣಕಾಲು ಅವರಿಗೆ ತಿಳಿಯುವುದಿಲ್ಲ ಎಂಬುದು ಅವ್ವನ ಖಚಿತ ಅಭಿಪ್ರಾಯ. ಹಾಗಾಗಿ ತಿಂಗಳಿಗೊಮ್ಮೆ ಧಾರವಾಡದ ಅವಳ ಹಳೆಯ ಡಾಕ್ಟರರ ಹತ್ತಿರ ನಮ್ಮ ಸವಾರಿ. ಅಲ್ಲಿ ಬೇಗ ಹೋಗಿ ನಂಬರು ಹಚ್ಚಬೇಕು, ಅಂದರೆ ಬೆಳಗಿನ ಐದಕ್ಕೇ ಹೊರಡಬೇಕು. ಚಳಿಗಾಲದಲ್ಲಿ ಆ ಹೊತ್ತಿಗೆ ದಾರಿಯ ಅನಮೋಡ ಘಾಟ್ ಏರಿದವರಿಗೆ ಗೊತ್ತು, ಅಲ್ಲಿಯ ಥಂಡಿ ಎಂಥದೆಂದು. ನನ್ನ ಕಾರಿನ ಹೀಟರು ಪೂರ್ತಿ ತಿರುಗಿಸಿದರೂ ಬರುವ ಗಾಳಿಗೆ ಬಾಯಿಂದ ಊದಿದಷ್ಟೂ ಬಿಸಿ ಇಲ್ಲ. ಧಾರವಾಡ ಮುಟ್ಟುವ ಹೊತ್ತಿಗೆ ಅವ್ವನ ಮೊಣಕಾಲುಗಳು ಸೆಟೆದು ಬಿಡುತ್ತಿದ್ದವು. ತಿಂಗಳಿಗೊಮ್ಮೆ ದಾರಿಯುದ್ದಕ್ಕೂ ಮೊಣಕಾಲು ಕೆಡಿಸಿಕೊಂಡು ಹೋಗಿ ಅದನ್ನೇ ಡಾಕ್ಟರರಿಗೆ ತೋರಿಸಿ ಬರುವುದು ನಮ್ಮ ಮನೆಯ ಪದ್ಧತಿಯಾಗಿತ್ತು.

ಕಳೆದ ಸಲ ದವಾಖಾನೆಯ ಮುಂದೆ ಅವ್ವನಿಗೆ ಕಾರಿನಿಂದ ಇಳಿಯಲಿಕ್ಕೇ ಆಗಲಿಲ್ಲ. ಸೀಟಿನ ಅಂಚಿಗೆ ಬಂದು, ಬಾಗಿಲು ಹಿಡಿದು, "ಸ್ವಲ್ಪ ತಡಿಯೋ ಪಮ್ಯಾ" ಎಂದಳು. ಕಣ್ಣಲ್ಲಿ ನೀರು ಬಂದಿತ್ತು. ಆಮೇಲೆ, "ಮುಂದಿನ ತಿಂಗಳ ನಾ ಬರೂದಿಲ್ಲೋ, ಸಾಕಾತು" ಎಂದಳು. ನನ್ನ ಹೆಂಡತಿ ವಿದ್ಯಾ, ಅವ್ವನನ್ನು ಎತ್ತಿ ಇಳಿಸಿದವಳು, ಮನೆಗೆ ಬಂದ ಮೇಲೆ ಅಂದಳು: "ನೋಡ್ರಿ, ಒಂದು ತಿಂಗಳದೊಳಗ ಆ ಹೀಟರ್ ಬಿಸಿ ಆಗಬೇಕು. ಇಲ್ಲಾಂದ್ರ ಈ ಡಬ್ಬಿ ಗುಜರಿಗೆ ಹಾಕೂದು."

ಡಬ್ಬಿ ಅಂದದ್ದು ನನ್ನ ಕಾರಿಗೆ. ಅದೇ ಘಾಟಿನಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ಹೊಸ ಹೊಸ ಗಾಡಿಗಳು ಬಾನೆಟ್ ತೆರೆದು ಹಬೆ ಬಿಡುತ್ತ ನಿಂತಿರುವಾಗ, ಸರಾಗವಾಗಿ ಏರಿ ಹೋಗುವ ನನ್ನ ಕಾರಿಗೆ! ನನ್ನ ಗಾಡಿಯ ಟೆಂಪರೇಚರ್ ಮುಳ್ಳು ಮೂರು ವರ್ಷದಿಂದ ಕೆಳಗಿನ ಗೆರೆ ಬಿಟ್ಟು ಎದ್ದಿಲ್ಲ. ಪಕ್ಕದಲ್ಲಿ ಯಾರು ಕೂತರೂ ಅದನ್ನು ಬೆರಳು ಮಾಡಿ ತೋರಿಸುವುದು ನನ್ನ ಚಟ. ಇಂಥ ತಣ್ಣನೆಯ ಸ್ವಭಾವದ ಗಾಡಿ ಗೋವಾದಲ್ಲೇ ಇನ್ನೊಂದಿಲ್ಲ ಎಂದು ಹೇಳಿಕೊಳ್ಳುತ್ತಿದ್ದೆ.

ಮೊದಲು ಹೋದದ್ದು ಫೋಂಡಾದ ಒಂದು ಎಸಿ ಅಂಗಡಿಗೆ. ಹೀಟರ್ ಬಿಸಿಯಾಗುವುದಿಲ್ಲ ಎಂದೆ. ಮಾಲಕ ಕೆಲಸ ಬಿಟ್ಟು ಪಕ್ಕದ ಅಂಗಡಿಯ ಇಬ್ಬರನ್ನು ಕರೆದು, ಕೊಂಕಣಿಯಲ್ಲಿ ಏನೋ ಹೇಳಿ, ನನ್ನನ್ನು ತೋರಿಸಿದ. ಮೂವರೂ ನಕ್ಕರು. ಕಿಟಕಿಯ ಗಾಜು ಏರಿಸಿ ಬಿಸಿಲಿಗೆ ನಿಲ್ಲಿಸಿದರೆ ಸಾಕು, ಪುಕ್ಕಟೆ ಹೀಟರ್ ಎಂದು ಹಿಂದಿಯಲ್ಲಿ ಉಪದೇಶವೂ ಆಯಿತು. ಗೋವಾದ ಗಡಿಯಾಚೆ ಜಗತ್ತೇ ಇಲ್ಲ ಎಂದು ತಿಳಿದ ಮಂದಿ! ಕೊನೆಗೆ ಫ್ಯಾನಿನ ಮೋಟಾರು ಬದಲಿಸಿ ಕಳಿಸಿದ. ಅದರಿಂದ ಆದ ಲಾಭವೆಂದರೆ, ಮೊದಲು ಮೆಲ್ಲಗೆ ಬರುತ್ತಿದ್ದ ತಣ್ಣನೆಯ ಗಾಳಿ ಈಗ ಜೋರಾಗಿ ಬರತೊಡಗಿತು.

ಎರಡನೆಯ ಪಂಡಿತ ನಮ್ಮ ಆಫೀಸಿನ ಕಾಮತ. ಕಾರವಾರದವನು. ಮೊಬೈಲಿನಲ್ಲಿ ವಿಡಿಯೋ ನೋಡಿ ಹೃದಯದ ಆಪರೇಷನ್ನನ್ನೂ ಮಾಡಬಲ್ಲೆ ಎಂದುಕೊಂಡವನು. "ಹೀಟರಿನ ಒಳಗೊಂದು ಸಣ್ಣ ರೇಡಿಯೇಟರ್ ಉಂಟು ಮಾರಾಯ್ರೆ, ಅದರಲ್ಲಿ ಕಸ ಕಟ್ಟಿರ್ತದೆ. ನೀರು ಬಿಟ್ಟು ತೊಳೆದ್ರೆ ಮುಗೀತು" ಎಂದ. ಭಾನುವಾರ ಬಂದು, ಗಿಡಕ್ಕೆ ನೀರು ಹಾಕುವ ಪೈಪನ್ನು ಎಲ್ಲಿಗೋ ತುರುಕಿ, ನಲ್ಲಿ ತಿರುಗಿಸು ಎಂದ. ತಿರುಗಿಸಿದೆ. ಕೆಂಪು ನೀರು ಚಿಮ್ಮಿ ನನ್ನ ಪಾಯಿಜಾಮ, ತುಳಸಿಕಟ್ಟೆ, ಅದರ ಮುಂದಿನ ರಂಗೋಲಿ ಎಲ್ಲವನ್ನೂ ತೊಳೆಯಿತು. ಹೀಟರು ಮಾತ್ರ ಇದ್ದ ಹಾಗೇ ಇತ್ತು.

ಸೋಮವಾರ ಆಫೀಸಿನಲ್ಲಿ ಅವನಿಗೆ ಮಂಗಳಾರತಿ ಮಾಡಿದೆ. ಮಾತಿನ ಭರದಲ್ಲಿ ಪೇಪರ್‌ವೇಟನ್ನು ಟೇಬಲ್ಲಿಗೆ ಕುಟ್ಟಿದ್ದೂ ಆಯಿತು. ಆ ಪೇಪರ್‌ವೇಟಿನ ಕಥೆ ಹೇಳಲೇಬೇಕು. ಅದು ನನ್ನ ಕಾರಿನದೇ ಒಂದು ತುಣುಕು, ಮುಷ್ಟಿಯಲ್ಲಿ ಹಿಡಿಯುವಷ್ಟು, ನಡುವೆ ಒಂದು ಸ್ಪ್ರಿಂಗ್. ಮೂರು ವರ್ಷದ ಹಿಂದೆ, ಹೆಂಡತಿಯ ಅಣ್ಣಂದಿರನ್ನು ಕೂರಿಸಿಕೊಂಡು ಹೋಗುವಾಗ ಘಾಟಿನಲ್ಲಿ ಕಾರು ಕುದಿದು ನಿಂತು ನನ್ನ ಮರ್ಯಾದೆ ತೆಗೆದಿತ್ತು. ಆಗ ನಾನೇ ಅಲ್ಲಿ ಇಲ್ಲಿ ಓದಿ, ತಲೆ ಓಡಿಸಿ, ಎಂಜಿನ್ನಿನ ನೀರಿಗೆ ಅಡ್ಡ ಕೂತ ಈ ತುಣುಕು ಥಂಡಿ ದೇಶದವರಿಗೆ ಮಾಡಿದ್ದು, ನಮ್ಮ ಸೆಕೆಗೆ ಇದು ದಂಡ ಎಂದು ಕಂಡುಹಿಡಿದು ಕೀಳಿಸಿ ಹಾಕಿದ್ದೆ. ಕಾರು ಮತ್ತೆ ಕುದಿಯಲಿಲ್ಲ. ಟೇಬಲ್ಲಿಗೆ ಬಂದವರಿಗೆಲ್ಲ ಅದನ್ನು ತೋರಿಸಿ, ಕಂಪನಿಯ ಎಂಜಿನಿಯರುಗಳ ಬುದ್ಧಿ ಎಷ್ಟು ಎಂದು ತಿಳಿಸಿ ಹೇಳುತ್ತ ಬಂದಿದ್ದೇನೆ.

ಉಳಿದವನು ದಸ್ತಗೀರ. ವಿಜಯಪುರದ ಕಡೆಯವನು, ಊರ ಹೊರಗೆ ಗ್ಯಾರೇಜು. ಕೆಲಸಗಾರನೇನೋ ಹೌದು. ಆದರೆ ಎದುರು ಮಾತಾಡುವ ಚಾಳಿ ಇದೆ ಎಂದು ಅವನನ್ನು ಬಿಟ್ಟಿದ್ದೆ. ತಿಂಗಳು ಮುಗಿಯುತ್ತ ಬಂದಿತ್ತು. ಅವ್ವ ಬೇರೆ ತನ್ನ ಡಾಕ್ಟರ ಚೀಟಿಗಳನ್ನೆಲ್ಲ ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿದ್ದನ್ನು ಕಂಡೆ. ಮರುದಿನವೇ ಸೊಕ್ಕು ಬದಿಗಿಟ್ಟು ಅವನಲ್ಲಿಗೆ ಹೋದೆ.

ದಸ್ತಗೀರ ಎಂಜಿನ್ ಚಾಲೂ ಮಾಡಿ ಹತ್ತು ನಿಮಿಷ ಸುಮ್ಮನೆ ನಿಂತ. ಎರಡು ಪೈಪು ಮುಟ್ಟಿ ನೋಡಿ, "ಟೆಂಪರೇಚರ್ ಕಾಟಾ ಎಲ್ಲೀತನಕ ಏರತೈತ್ರಿ ಸಾಹೇಬ್ರ?" ಎಂದು ಕೇಳಿದ.

"ಏರೂದs ಇಲ್ಲ!" ಎಂದೆ ಎದೆಯುಬ್ಬಿಸಿ.

"ಅದಕ್ಕs ರೀ. ಎಂಜಿನ್ನs ಬಿಸಿ ಆಗಾಕತ್ತಿಲ್ಲ, ಹೀಟರ್ ಎಲ್ಲಿಂದ ಬಿಸಿ ಗಾಳಿ ತರಬೇಕ್ರಿ? ಒಳಗ ಇರಬೇಕಾದ ಒಂದು ಸಾಮಾನ ಇಲ್ಲ. ತಗಿಸಿ ಬಿಟ್ಟಾರ."

ಯಾವ ಸಾಮಾನು ಎಂದು ಕೇಳುವ ವ್ಯವಧಾನ ನನಗೆಲ್ಲಿ? ಇಷ್ಟು ದಿನದ ಸಿಟ್ಟಿಗೆ ಕೊನೆಗೂ ಒಬ್ಬ ಮನುಷ್ಯ ಸಿಕ್ಕಿದ್ದ. "ಯಾವ ಮಂಗ್ಯಾನ ಕೆಲಸ ಇದು? ಅರ್ಧಾ ತಿಳಕೊಂಡು ಪೂರಾ ಕೆಡಿಸೋ ಜಾತಿ! ಇಂಥವರಿಂದ ಒಬ್ಬ ಮುದುಕಿ ಕಾಲು ಹಿಡಕೊಂಡು ಅಳೂ ಹಂಗ ಆತು, ಗೊತ್ತದ ಏನು? ಅವನ್ನ ಆ ಘಾಟಿನಾಗ ಬರಿಗಾಲಿಲೆ ನಿಂದರಸಬೇಕು" ಎಂದು ಶುರುಮಾಡಿದವನು ಉಸಿರು ಕಟ್ಟುವವರೆಗೂ ನಿಲ್ಲಿಸಲಿಲ್ಲ.

ದಸ್ತಗೀರ ಅರಿವೆಗೆ ಕೈ ಒರೆಸಿಕೊಂಡ. "ಹಂಗ ಅನ್ನಬ್ಯಾಡ್ರಿ. ಭಾಳ ಓದಿದವರು ಅವರು. ಎಂಜಿನ್ ಕಾಯೂತನಕ ನೀರು ತಡದ ಹಿಡಿಯೂ ಮುಚ್ಚಳ ರೀ ಅದು, ಥರ್ಮೋಸ್ಟ್ಯಾಟ್ ಅಂತಾರ. ರೇಡಿಯೇಟರಿನ್ಯಾಗ ಕಸ ಕಟಗೊಂಡೈತಿ, ಅದನ್ನ ಮಾಡಸ್ರಿ, ಇದನ್ನ ಮುಟ್ಟಬ್ಯಾಡ್ರಿ ಅಂತ ನಾ ಕೈ ಮುಗದು ಹೇಳಿದ್ನಿ. ಕೇಳಲಿಲ್ಲ. ಮುಂದ ನಿಂತು ತಗಿಸಿ, ಟೇಬಲ್ ಮ್ಯಾಲೆ ಇಟಗೋತೇನಿ ಅಂತ ಜೇಬಿನಾಗ ಹಾಕ್ಕೊಂಡು ಹೋದ್ರು."

ದಸ್ತಗೀರನಲ್ಲಿ ಒಂದು ಒಳ್ಳೆಯ ಗುಣವಿದೆ, ಅವನು ನಗಲಿಲ್ಲ. ಚಹಾ ತರಿಸಿದ.

ಹೊಸ ಥರ್ಮೋಸ್ಟ್ಯಾಟ್ ಕೂತಿತು, ರೇಡಿಯೇಟರೂ ರಿಪೇರಿಯಾಯಿತು. ಮುಳ್ಳು ಈಗ ಎಲ್ಲರ ಗಾಡಿಯಲ್ಲಿ ಇರುವ ಹಾಗೆ ನಡುವೆ ನಿಲ್ಲುತ್ತದೆ. ಪೇಪರ್‌ವೇಟು ಡ್ರಾವರಿನ ಒಳಗಿದೆ. ಅವ್ವನನ್ನು ಮಾತ್ರ ಒಪ್ಪಿಸಿ ಹೊರಡಿಸಬೇಕಾದರೆ ವಿದ್ಯಾಳಿಗೆ ಸಾಕುಬೇಕಾಯಿತು.

ಘಾಟಿನ ಅರ್ಧಕ್ಕೆ ಬರುವಷ್ಟರಲ್ಲಿ ಅವ್ವ ಹಿಂದಿನ ಸೀಟಿನಲ್ಲಿ ಶಾಲು ತೆಗೆದಳು. ಕಾಲು ಮುಂದೆ ಚಾಚಿ, "ಒಲಿ ಮುಂದ ಕೂತಂಗ ಅದ ನೋಡೋ ಪಮ್ಯಾ" ಎಂದಳು. ಆಮೇಲೆ ಕೇಳಿದಳು: "ಇಷ್ಟು ಚಲೋ ಇರೂದನ್ನ ಕೆಡಿಸಿದಾಂವ ಯಾರೋ?"

ಪಕ್ಕದಲ್ಲಿ ಕೂತ ವಿದ್ಯಾ ನನ್ನ ಮುಖವನ್ನೇ ನೋಡತೊಡಗಿದಳು.

"ಯಾವನೋ ಒಬ್ಬ ಮೂರ್ಖ ಇದ್ದನವ್ವಾ" ಎಂದೆ. "ಭಾಳ ಬೈದು ಬಂದೇನಿ ಅವಗ."

"ಛೇ, ಬೈಬಾರದಿತ್ತೋ" ಎಂದಳು ಅವ್ವ, ಮೊಣಕಾಲು ಸವರಿಕೊಳ್ಳುತ್ತ. "ಅವಗೂ ಒಬ್ಬಾಕಿ ತಾಯಿ ಇರ್ತಾಳ. ಕೇಳಿದ್ರ ಆಕಿಗೆ ಎಷ್ಟು ಕೆಟ್ಟ ಅನಸ್ತದ."